ಎಡಗಡೆ ಸೀಟಿನಿಂದ ಬಲಗಡೆ ಸೀಟಿಗೆ

ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಟಕ್, ಟಕ್ ಅನ್ನೋ ಸದ್ದು ಬರುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ನಮ್ಮ ಯಜಮಾನರು ಬಿಳಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖ ಇಟ್ಟು ಕೂತಿದ್ದರು. ಒಂದು ಕಣ್ಣಿಗೆ ಪಟ್ಟಿ, ಕೈಯಲ್ಲಿ ಒಂದು ಗುಂಡಿ. ನೋಟ ನಡುವಿನ ಚುಕ್ಕೆಯ ಮೇಲೇ ಇರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಗುಂಡಿ ಒತ್ತಬೇಕು. ಬಲಗಣ್ಣಿನ ಸರದಿಯಲ್ಲಿ ಸದ್ದು ಸೂರಿನ ಮಳೆಹನಿಯ ಹಾಗೆ ಒಂದರ ಹಿಂದೆ ಒಂದು ಬಂತು. ಎಡಗಣ್ಣಿಗೆ ಬಂದಾಗ ತಡೆದು ತಡೆದು ಬಂತು. ಒಮ್ಮೆ ಎಷ್ಟು ಹೊತ್ತು ನಿಂತುಬಿಟ್ಟಿತೆಂದರೆ, ಮುಗಿಯಿತೇನೋ ಅಂತ ನಾನು ಎದ್ದು ನಿಂತೆ. ಮುಗಿದಿರಲಿಲ್ಲ. ಬೆಳಕು ಮಿಣುಕುತ್ತಲೇ ಇತ್ತಂತೆ. ಇವರಿಗೆ ಕಾಣಿಸುತ್ತಿರಲಿಲ್ಲ.

ಅದು 2024ರ ಜುಲೈ. ಗ್ಲಾಕೋಮಾ ಅಂದರು ಡಾಕ್ಟರ್. ಕಣ್ಣಿನೊಳಗಿನ ಒತ್ತಡಕ್ಕೆ ನರ ಸೊರಗುತ್ತಾ ಹೋಗುತ್ತದಂತೆ. ಮೊದಲು ಹೋಗುವುದು ಪಕ್ಕದ ನೋಟ. ನಡುವಿನದು ಚೆನ್ನಾಗೇ ಇರುವುದರಿಂದ ಪೇಪರ್ ಓದಬಹುದು, ಟೀವಿ ನೋಡಬಹುದು, ಏನೂ ಆಗಿಲ್ಲ ಅಂತಲೇ ಅನ್ನಿಸುತ್ತಿರುತ್ತದೆ. ಹೋದ ನೋಟ ವಾಪಸ್ ಬರಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನಾ ತಪ್ಪದೆ ಡ್ರಾಪ್ಸ್ ಹಾಕಬೇಕು. ರಕ್ತಸಂಬಂಧಿಗಳಿಗೂ ಬರುವ ಸಾಧ್ಯತೆ ಜಾಸ್ತಿ ಅಂದಿದ್ದಕ್ಕೆ ಇವರ ತಮ್ಮಂದಿರನ್ನೂ ನಮ್ಮ ಮಗನನ್ನೂ ಅದೇ ತಿಂಗಳು ಪರೀಕ್ಷೆಗೆ ಕಳಿಸಿದೆ. ನಲವತ್ತು ದಾಟಿದವರು ಒಂದು ಸಲ ಕಣ್ಣಿನ ಒತ್ತಡ ನೋಡಿಸಿಕೊಳ್ಳಿ. ನಾವು ಮೂರು ವರ್ಷ ಮೊದಲೇ ಹೋಗಿದ್ದರೆ ಎಷ್ಟೋ ಉಳಿಯುತ್ತಿತ್ತು.

ಕೊನೆಗೆ ಡಾಕ್ಟರ್ ಕೇಳಿದರು, "ಗಾಡಿ ಓಡಿಸ್ತೀರಾ?"

"ಇಪ್ಪತ್ತೇಳು ವರ್ಷದಿಂದ" ಅಂದರು ಇವರು.

"ಇನ್ನು ಬೇಡ ಸರ್."

ಇವರು ತಲೆ ಆಡಿಸಿದರು ಅಷ್ಟೆ. ಅವತ್ತು ಆಟೋದಲ್ಲಿ ಮನೆಗೆ ಬಂದೆವು. ಬಾಗಿಲ ಪಕ್ಕದ ಮೊಳೆಗೆ ಕಾರಿನ ಕೀ ನೇತು ಹಾಕಿದರು. ಆಮೇಲೆ ಅದರ ಕಡೆ ನೋಡಲಿಲ್ಲ.

ಇದು ನಮಗೆ ಎಷ್ಟು ದೊಡ್ಡ ಮಾತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಹಾಸನ. ಇವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮದುವೆ ಆಗಿದ್ದು 1997ರ ಮೇ ತಿಂಗಳಲ್ಲಿ. ಮದುವೆಯಾದ ಹತ್ತನೇ ದಿನಕ್ಕೆ ಧರ್ಮಸ್ಥಳಕ್ಕೆ ಹೊರಟೆವು, ಇವರ ಬಜಾಜ್ ಚೇತಕ್ ಸ್ಕೂಟರಿನಲ್ಲಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ. ನಾನು ರೇಷ್ಮೆ ಸೀರೆ ಉಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂತಿದ್ದೆ. ವಾಪಸ್ ಬರುವಾಗ ಏರಿನಲ್ಲಿ ಸ್ಕೂಟರ್ ಉಸಿರು ಕಟ್ಟಿದ ಹಾಗೆ ಮಾಡಿ ನಿಂತೇಬಿಟ್ಟಿತು. ಇವರು ಪ್ಲಗ್ ಬಿಚ್ಚಿದರು. ಕಪ್ಪಗೆ ಮಸಿ ಹಿಡಿದಿತ್ತು. ಒರೆಸಲು ಬಟ್ಟೆ ಇರಲಿಲ್ಲ. ನನ್ನ ಕರ್ಚೀಫು ಕೊಟ್ಟೆ. ಅಮ್ಮ ಮದುವೆಗೆಂದು ಅಂಚಿಗೆ ಕಸೂತಿ ಹಾಕಿ ಕೊಟ್ಟಿದ್ದ ಕರ್ಚೀಫು. ಪ್ಲಗ್ ತಣ್ಣಗಾಗುವವರೆಗೆ ಕಟ್ಟೆಯ ಮೇಲೆ ಕೂತು ಕೆಳಗಿನ ಕಾಡು ನೋಡಿದೆವು. ಹತ್ತು ದಿನದಲ್ಲಿ ನಾವಿಬ್ಬರೇ ಕೂತು ಮಾತಾಡಿದ್ದು ಅದೇ ಮೊದಲು. ಮನೆ ತುಂಬ ನೆಂಟರಿದ್ದರಲ್ಲ. ನಮ್ಮ ಸಂಸಾರ ಶುರುವಾಗಿದ್ದು ಆ ಕಟ್ಟೆಯ ಮೇಲೆ ಅಂತಲೇ ನಾನು ಈಗಲೂ ಹೇಳುವುದು.

ಮರುವರ್ಷ ಮಳೆಗಾಲದಲ್ಲಿ ಬಿಸಿಲೆ ಘಾಟಿಗೆ ಹೋಗಿ ಇಂಬಳ ಕಚ್ಚಿಸಿಕೊಂಡು ಬಂದೆವು. ಕುಮಾರಪರ್ವತ ಕಾಣುತ್ತೆ ಅಂತ ಹೋದರೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಅದೂ ಸಂತೋಷವೇ. 1999ರಲ್ಲಿ ಮಗಳು ಹುಟ್ಟಿದಳು. 2002ರಲ್ಲಿ ಮಗ. 2004ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ಮನೆಗೆ ಬಂತು. ಅವತ್ತಿಂದ ಎಡಗಡೆ ಸೀಟು ನನ್ನದು.

ಎಡಗಡೆ ಸೀಟು ಅಂದರೆ ಸುಮ್ನೆ ಕೂರೋದಲ್ಲ. ಟೋಲಿಗೆ ಚಿಲ್ಲರೆ ಎಣಿಸಿಡಬೇಕು. ಕಿತ್ತಳೆ ಸುಲಿದು ಎಳೆ ಬಿಡಿಸಿ ಕೈಗೆ ಕೊಡಬೇಕು. ಹಿಂದೆ ಮಕ್ಕಳ ಜಗಳ ಬಿಡಿಸಬೇಕು. ವಾಂತಿ ಬಂದರೆ ಕವರ್ ಹಿಡಿಯಬೇಕು. ಸಣ್ಣ ರಸ್ತೆಯಲ್ಲಿ ಎದುರಿಗೆ ಬಸ್ ಬಂದರೆ ಕಿಟಕಿಯಿಂದ ತಲೆ ಹಾಕಿ "ಬನ್ನಿ, ಬನ್ನಿ, ಇನ್ನೂ ಒಂದು ಗೇಣಿದೆ" ಅನ್ನಬೇಕು. ಒಂದು 200 ಪುಟದ ನೋಟ್‌ಬುಕ್ಕೂ ಇತ್ತು. ಹೊರಡುವಾಗ ಮೀಟರ್ ಎಷ್ಟಿತ್ತು, ಬಂದಾಗ ಎಷ್ಟು, ಎಲ್ಲಿ ಎಷ್ಟು ಪೆಟ್ರೋಲ್ ಹಾಕಿಸಿದೆವು, ಎಲ್ಲಿ ಊಟ, ಯಾರ ಮನೆಯಲ್ಲಿ ಮಲಗಿದೆವು, ಎಲ್ಲ ಅದರಲ್ಲಿದೆ. ನಾನು ಬರೆಯುತ್ತಿದ್ದೆ, ಇವರು ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅಂತ ಬಾಯಲ್ಲೇ ಲೆಕ್ಕ ಹೇಳುತ್ತಿದ್ದರು. ಜೋಗ, ಆಗುಂಬೆ, ಹಂಪಿ, ಮುಳ್ಳಯ್ಯನಗಿರಿ, ಒಂದು ಬೇಸಿಗೆ ರಜೆಯಲ್ಲಿ ಕನ್ಯಾಕುಮಾರಿ. ಮೇಷ್ಟ್ರ ಸಂಬಳದಲ್ಲಿ ವರ್ಷಕ್ಕೆರಡು ಪ್ರಯಾಣ, ದಸರಾಕ್ಕೊಂದು, ಬೇಸಿಗೆಗೊಂದು.

ಇವುಗಳಲ್ಲಿ ನನಗೆ ತುಂಬ ಹತ್ತಿರದ್ದು ಶ್ರವಣಬೆಳಗೊಳ. ದೂರದ ಊರೇನಲ್ಲ, ನಮ್ಮ ಜಿಲ್ಲೆಯದೇ. 2006ರ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ಮಗನಿಗೆ ನಾಲ್ಕು ವರ್ಷ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಇವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹತ್ತಿದರು. 2018ರಲ್ಲಿ ಮತ್ತೆ ಹೋದಾಗ ಅದೇ ಮಗ ನನ್ನ ಕೈ ಹಿಡಿದು ಹತ್ತಿಸಿದ. ಬಾಹುಬಲಿಯ ತಲೆಯಿಂದ ಹಾಲು ಇಳಿದು ಬರುವಾಗ ಮಗಳು "ಅಮ್ಮ, ಇನ್ನೊಂದು ಸಲ ಬರೋವಾಗ ನಂಗೆ ಎಷ್ಟು ವಯಸ್ಸಾಗಿರುತ್ತೆ?" ಅಂದಳು. 2030ಕ್ಕೆ ಮೂವತ್ತೊಂದು ಅಂತ ಇವರು ತಕ್ಷಣ ಹೇಳಿದರು.

ಇಷ್ಟೆಲ್ಲ ರಸ್ತೆಯಲ್ಲಿ ಒಂದು ಮಾರು ದೂರ ಕೂಡ ನಾನು ಗಾಡಿ ಓಡಿಸಿರಲಿಲ್ಲ. ಬೇಕು ಅಂತ ಅನ್ನಿಸಿರಲೂ ಇಲ್ಲ. ಕೀ ಮೊಳೆಗೆ ಹೋದ ಮೇಲೆ ಮನೆ ಒಂಥರಾ ಮಂಕಾಯಿತು. ಸಂಜೆ ಇವರು ಕಾರಿನ ಮೇಲಿನ ಧೂಳು ಒರೆಸಿ, ಟೈರು ನೋಡಿ, ಒಳಗೆ ಬಂದು ಕೂರುತ್ತಿದ್ದರು. ಆಗಸ್ಟಿನಲ್ಲಿ ಮಗಳು ಫೋನ್ ಮಾಡಿದಳು. 2022ರಲ್ಲಿ ಅವಳನ್ನು ಚಾರ್ಮಾಡಿ ಘಾಟಿಯ ಕೆಳಗಿನ ಬೆಳ್ತಂಗಡಿ ತಾಲೂಕಿಗೆ ಮದುವೆ ಮಾಡಿಕೊಟ್ಟಿದ್ದೆವು. "ಅಮ್ಮ, ನೀನು ಅಜ್ಜಿ ಆಗ್ತೀಯ" ಅಂದಳು. ಫೋನ್ ಇವರ ಕೈಗೆ ಕೊಟ್ಟೆ. ಮಾತಾಡಿ ಮುಗಿಸಿದವರು ಕೀ ಕಡೆ ಒಮ್ಮೆ ನೋಡಿದರು. ಒಂದು ತಿಂಗಳಲ್ಲಿ ಅದೇ ಮೊದಲು.

ಅವತ್ತು ರಾತ್ರಿ ನಾನು ಹೇಳಿದೆ, "ರೀ, ನಾನು ಡ್ರೈವಿಂಗ್ ಕಲೀತೀನಿ. ಮಗಳನ್ನ ಬಾಣಂತನಕ್ಕೆ ನಾವೇ ಕರ್ಕೊಂಡು ಬರೋಣ."

ಬೇಡ ಅನ್ನುತ್ತಾರೆ ಅಂತ ಅಂದುಕೊಂಡಿದ್ದೆ. ಇವರು ಎದ್ದು ಹೋಗಿ ನೋಟ್‌ಬುಕ್ ತಂದು ಕೊನೆಯ ಖಾಲಿ ಹಾಳೆಯಲ್ಲಿ ಬರೆದರು: ಎಲ್‌ಎಲ್‌ಆರ್, ಮೂವತ್ತು ದಿನ, ಡಿಎಲ್. ಮೊದಲು ಕಲಿಯುವವರ ಲೈಸೆನ್ಸ್, ಆಮೇಲೆ ಪೂರ್ತಿ ಲೈಸೆನ್ಸ್.

ನನಗಾಗ 49. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಫಾರ್ಮ್ 1ಎ ಅಂತ. ಅದನ್ನು ಮಾಡಿಸಿ, ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಆರ್‌ಟಿಓ ಕಚೇರಿಯ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದೆ. ರಸ್ತೆಯ ಗುರುತುಗಳು, ನಿಯಮಗಳು. ಸುತ್ತ ಎಲ್ಲ ಹದಿನೆಂಟು, ಇಪ್ಪತ್ತರ ಮಕ್ಕಳು. ಒಂದು ಪ್ರಶ್ನೆ ಬಂತು: ಕಡಿದಾದ ಗುಡ್ಡದ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಯಾರಿಗೆ ಮೊದಲು ದಾರಿ? ಹತ್ತುವ ಗಾಡಿಗೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಎಷ್ಟು ಘಾಟಿಯಲ್ಲಿ ಎಷ್ಟು ಸಲ ಇವರು ಕಾರು ಬದಿಗೆ ನಿಲ್ಲಿಸಿ "ಪಾಪ, ಹತ್ತೋರು ಹತ್ತಲಿ" ಅಂದಿದ್ದು ಕೇಳಿದ್ದೆನಲ್ಲ. ಪಾಸಾದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಗಾಡಿ ಓಡಿಸುವ ಪರೀಕ್ಷೆಗೆ ಹೋಗಬಹುದು.

ಡ್ರೈವಿಂಗ್ ಸ್ಕೂಲಿಗೆ ಬೆಳಗ್ಗೆ ಆರೂವರೆಗೆ ಹೋಗುತ್ತಿದ್ದೆ. ಕಲಿಸುವ ಹುಡುಗನಿಗೆ ನನ್ನ ಮಗನ ವಯಸ್ಸು. ಅವನ ಕಾಲ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್. ಮೊದಲ ದಿನವೇ ಅವನು ಅಂದ, "ಆಂಟಿ, ನಿಮ್ಮ ಕಾಲು ತುಂಬ ಮೆತ್ತಗಿದೆ, ಕ್ಲಚ್ ಚೆನ್ನಾಗಿ ಬಿಡ್ತೀರ." ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಕಾಲರಿನ ತಿರುವಿನಲ್ಲಿ ಸೂಜಿ ಒಂದೊಂದೇ ಹೊಲಿಗೆ ಇಡಬೇಕಾದರೆ ಪಾದವನ್ನು ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು ಅಂತ ಅದಕ್ಕೆ ಗೊತ್ತು. ನನಗೆ ಕಷ್ಟವಾಗಿದ್ದು ಕಾಲಲ್ಲ, ಕಣ್ಣು. ಇಪ್ಪತ್ತು ವರ್ಷ ಎಡಗಡೆಯಿಂದ ನೋಡಿದ ರಸ್ತೆ ಬಲಗಡೆಯಿಂದ ಬೇರೆಯೇ ಥರ ಕಾಣುತ್ತದೆ. ಎಡಗಡೆ ಎಷ್ಟು ಜಾಗ ಇದೆ ಅಂತ ಅಂದಾಜೇ ಸಿಗುತ್ತಿರಲಿಲ್ಲ. ಒಂದು ವಾರ ಕಾರನ್ನು ರಸ್ತೆಯ ನಡುವೆಯೇ ಓಡಿಸಿದೆ.

ಸ್ಕೂಲಿನವರು ಮಟ್ಟಸವಾದ ರಸ್ತೆಯಲ್ಲಿ ಓಡಿಸಲು ಕಲಿಸಿ ಮುಗಿಸಿದರು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದನ್ನು ಸರಿಯಾಗಿ ಹೇಳಿಕೊಡಲಿಲ್ಲ. ಪರೀಕ್ಷೆಯ ದಿನ ಅಲ್ಲೇ ಸಿಕ್ಕಿಬಿದ್ದೆ. ಏರಿನಲ್ಲಿ ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಹಿಂದಕ್ಕೆ ಜಾರಿತು. ಕೈಕಾಲು ಆಡಲಿಲ್ಲ. ಫೇಲ್. ಹೊರಗೆ ಬಂದಾಗ ಒಬ್ಬರು ಹತ್ತಿರ ಬಂದು "ಮುಂದಿನ ಸಲ ನಾವು ನೋಡ್ಕೋತೀವಿ ಬಿಡಿ ಮೇಡಂ, ಸ್ವಲ್ಪ ಖರ್ಚಾಗುತ್ತೆ" ಅಂದರು. ನಾನು ಆಗಲ್ಲ ಅಂದೆ. ನನಗೆ ಬೇಕಾಗಿದ್ದು ಕಾರ್ಡಲ್ಲ. ಆ ಏರು ಹತ್ತುವುದು ಬರಬೇಕಿತ್ತು. ಹಿಂದಿನ ಸೀಟಿನಲ್ಲಿ ಬಸುರಿ ಮಗಳನ್ನು ಕೂರಿಸಿಕೊಂಡು ನಾನು ಹತ್ತಬೇಕಾಗಿದ್ದು ಚಾರ್ಮಾಡಿ.

ಅವತ್ತು ಸಂಜೆ ಇವರು ಮೊಳೆಯಿಂದ ಕೀ ತೆಗೆದರು. ನಮ್ಮದೇ ವ್ಯಾಗನ್ ಆರ್. ನನ್ನನ್ನು ಬಲಗಡೆ ಕೂರಿಸಿ, ತಾವು ಮೊದಲ ಸಲ ಎಡಗಡೆ ಕೂತರು. ಊರಾಚೆ ಒಂದು ಏರಿದೆ, ಸಂಜೆ ಹೊತ್ತು ಗಾಡಿ ಕಡಿಮೆ. ಅಲ್ಲಿಗೆ ನಿಧಾನಕ್ಕೆ ಹೋದೆವು. ನಡು ಏರಿನಲ್ಲಿ ನಿಲ್ಲಿಸಿಸಿ ಹ್ಯಾಂಡ್ ಬ್ರೇಕ್ ಹಾಕಿಸಿದರು.

"ಈಗ ಕಣ್ಣು ಬೇಡ. ಕಿವಿ ಕೊಡು" ಅಂದರು.

ಫಸ್ಟ್ ಗೇರ್. ಕ್ಲಚ್ಚನ್ನು ಒಂದೊಂದು ಕೂದಲೆಳೆಯಷ್ಟು ಬಿಡುತ್ತಾ ಬಂದೆ. "ಕೇಳು, ಕೇಳು, ಈಗ ಸದ್ದು ದಪ್ಪ ಆಗುತ್ತೆ." ನಿಜ. ತೆಳ್ಳಗೆ ಗುಂಯ್ ಅನ್ನುತ್ತಿದ್ದ ಇಂಜಿನ್ನು ಗಂಟಲು ತಗ್ಗಿಸಿದ ಹಾಗೆ ಗುಮ್ಮ್ ಅಂದಿತು. ಸ್ಟೇರಿಂಗ್ ಅಂಗೈಯೊಳಗೆ ಸಣ್ಣಗೆ ನಡುಗಿತು. ಬಾನೆಟ್ಟಿನ ಮೂತಿ ಒಂದಿಷ್ಟು ಮೇಲೆದ್ದಿತು. "ಇದೇ ಹಾಫ್ ಕ್ಲಚ್. ಗಾಡಿ ಏರನ್ನ ಹಿಡ್ಕೊಂಡಿದೆ. ಈಗ ಕಾಲು ಅಲ್ಲೇ ಇರಲಿ. ಸ್ವಲ್ಪ ಆಕ್ಸಿಲರೇಟರ್ ಕೊಡು. ಹ್ಯಾಂಡ್ ಬ್ರೇಕ್ ಬಿಡು." ಬಿಟ್ಟೆ. ಕಾರು ಹಿಂದಕ್ಕೆ ಒಂದು ಅಂಗುಲವೂ ಹೋಗಲಿಲ್ಲ. ಮುಂದಕ್ಕೆ ಹೋಯಿತು. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಪಕ್ಕಕ್ಕೆ ನೋಡಿದರೆ ಇವರು ಕಣ್ಣು ಮುಚ್ಚಿ ಕೂತಿದ್ದರು. ಪೂರ್ತಿ ಕಿವಿಯಲ್ಲೇ ಕಲಿಸಿದ್ದರು.

ಅದನ್ನು ಅವತ್ತು ಮೂವತ್ತು ಸಲ ಮಾಡಿಸಿದರು. ಮೇಷ್ಟ್ರಲ್ವಾ, ಲೆಕ್ಕ ಇಟ್ಟಿದ್ದರು. ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಹೋದೆ. ಏರಿನಲ್ಲಿ ನಿಲ್ಲಿಸಿದೆ, ಸದ್ದು ಕೇಳಿದೆ, ಹೊರಟೆ. ಪಾಸು. 2024ರ ಅಕ್ಟೋಬರಿನಲ್ಲಿ ಕಾರ್ಡು ಮನೆಗೆ ಬಂತು. ಐವತ್ತು ತುಂಬುವ ಮೊದಲು ತಗೊಂಡಿದ್ದರಿಂದ ಹತ್ತು ವರ್ಷ, 2034ರವರೆಗೆ ನಡೆಯುತ್ತದೆ. ಇವರು ಅದನ್ನು ಕಣ್ಣ ಹತ್ತಿರ ಹಿಡಿದು ಓದಿ, "ಬೆಳಗೊಳಕ್ಕೆ ನೀನೇ ಕರ್ಕೊಂಡು ಹೋಗು ಹಾಗಾದ್ರೆ" ಅಂದರು. 2030ರ ಮಾತು.

ಆ ತಿಂಗಳ ಕೊನೆಗೆ ಹಾಸನಾಂಬೆ ಬಾಗಿಲು ತೆರೆಯಿತು. ವರ್ಷಕ್ಕೊಂದೇ ಸಲ, ದೀಪಾವಳಿಯ ಸುತ್ತ ಕೆಲವು ದಿನ. ಊರೆಲ್ಲ ಜನ, ಬಸ್ಸು, ಹೊರಗಿನ ಗಾಡಿ. ಬಿ.ಎಂ. ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ. ಬೇಕಂತಲೇ ಆ ದಿನಗಳಲ್ಲಿ ಕಾರು ತೆಗೆದೆವು. ಆ ಗುಂಪಿನೊಳಗೆ ಫಸ್ಟ್ ಗೇರಿನಲ್ಲಿ ತೆವಳಿದ್ದು ನನಗೆ ಬೇರೆ ಯಾವ ಪಾಠಕ್ಕಿಂತ ಹೆಚ್ಚು ಕಲಿಸಿತು. ಆಮೇಲೆ ಹಳೇಬೀಡು, ಬೇಲೂರು, ಸಕಲೇಶಪುರ. ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ದೂರ.

ಇವರ ಕೆಲಸವೂ ಬದಲಾಗಿತ್ತು. ಈಗ ಕಿತ್ತಳೆ ಸುಲಿಯುವುದು ಇವರು. ನೋಟ್‌ಬುಕ್ ಬರೆಯುವುದು ಇವರು. ನೇರಕ್ಕೆ ಚೆನ್ನಾಗಿ ಕಾಣುತ್ತದೆ, ಬರೆಯಲು ಕಷ್ಟವಿಲ್ಲ. ಆದರೆ "ಬನ್ನಿ, ಬನ್ನಿ, ಇನ್ನೂ ಒಂದು ಗೇಣಿದೆ" ಅಂತ ಎಡಗಡೆ ನೋಡಿ ಹೇಳುವುದು ಇವರಿಂದ ಆಗುವುದಿಲ್ಲ. ಒಮ್ಮೆ ಹೇಳಲು ಹೋಗಿ, ಕಿಟಕಿಯಿಂದ ತಲೆ ಹಾಕಿ, ಸುಮ್ಮನೆ ವಾಪಸ್ ಕೂತರು. ನಾನು ಕಾರು ನಿಲ್ಲಿಸಿ ಇಳಿದು ಹೋಗಿ ನೋಡಿ ಬಂದೆ. ಆ ಬಗ್ಗೆ ನಾವಿಬ್ಬರೂ ಏನೂ ಮಾತಾಡಲಿಲ್ಲ. ಈಗ ಅನುಮಾನ ಬಂದಲ್ಲೆಲ್ಲ ನಾನೇ ಇಳಿದು ನೋಡುತ್ತೇನೆ.

2025ರ ಜನವರಿಯಲ್ಲಿ ಬೀಗರ ಮನೆಯಲ್ಲಿ ಸೀಮಂತ. ಅವರ ಕಡೆ ಬಯಕೆ ಅನ್ನುತ್ತಾರೆ. ಎಷ್ಟು ಚಂದದ ಹೆಸರು. ಏಳು ತಿಂಗಳ ಬಸುರಿಗೆ ಏನು ಬಯಕೆಯೋ ಅದನ್ನೆಲ್ಲ ಮಾಡಿ ಬಡಿಸುವುದು. ನಾನು ಎರಡು ದಿನ ಕೂತು ಚಕ್ಕುಲಿ, ಕೋಡುಬಳೆ, ರವೆಉಂಡೆ, ಕರ್ಜಿಕಾಯಿ ಮಾಡಿ ಡಬ್ಬಕ್ಕೆ ತುಂಬಿದೆ. ಮಡಿಲು ತುಂಬಲು ಹಸಿರು ಸೀರೆ, ನಾನೇ ಹೊಲಿದ ಸಡಿಲವಾದ ರವಿಕೆ. ಶಿರಾಡಿ ಘಾಟಿಯಲ್ಲಿ ಹೋದರೆ ರಸ್ತೆ ಅಗಲ, ಆದರೆ ಮಂಗಳೂರು ಕಡೆಯ ಟ್ಯಾಂಕರು, ಲಾರಿಗಳ ಸಾಲು. ಚಾರ್ಮಾಡಿಯಲ್ಲಿ ತಿರುವು ಜಾಸ್ತಿ, ಭಾರಿ ಲಾರಿ ಇಲ್ಲ. ಚಾರ್ಮಾಡಿಯಲ್ಲೇ ಹೋಗೋಣ ಅಂದೆವು. ನಿಜ ಹೇಳಬೇಕೆಂದರೆ ಲಾರಿ ಒಂದು ನೆಪ. ನಮಗಿಬ್ಬರಿಗೂ ಆ ಕಟ್ಟೆಯ ದಾರಿಯೇ ಬೇಕಿತ್ತು.

ಬೆಳಗ್ಗೆ ಆರಕ್ಕೆ ಮನೆ ಬಿಟ್ಟೆವು. ಮೂಡಿಗೆರೆವರೆಗೆ ಏನೂ ತೊಂದರೆ ಇಲ್ಲ, ಎರಡೂ ಕಡೆ ಕಾಫಿ ತೋಟ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಗೆ ಬಂದರೆ ಎದುರಿನ ಅಂಗಡಿ ಕಾಣುತ್ತಿಲ್ಲ. ಮಂಜು. ನನಗೆ ಎದೆ ಧಸಕ್ ಅಂದಿತು. ಇನ್ನೊಂದು ಕಾಫಿ ಕುಡಿದು ಅರ್ಧ ಗಂಟೆ ಕಾದೆವು. ಸ್ವಲ್ಪ ತಿಳಿಯಾದ ಮೇಲೆ ಹೊರಟೆವು. ದೊಡ್ಡ ಲೈಟ್ ಹಾಕಬಾರದು, ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಡಿಮ್ ಹಾಕಿ, ಕಿಟಕಿ ಇಳಿಸಿ, ಹಾರ್ನ್ ಕೇಳಿಸಿಕೊಳ್ಳುತ್ತಾ ಹೋಗಬೇಕು.

ಇಳಿಜಾರು ಶುರುವಾಯಿತು. "ಸೆಕೆಂಡಿಗೆ ಹಾಕು. ಗೇರೇ ಗಾಡೀನ ಹಿಡೀಲಿ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರಬೇಡ, ಕಾಯುತ್ತೆ." ಘಾಟಿಯಲ್ಲಿ ಬ್ರೇಕ್ ಕಾದರೆ ಸುಟ್ಟ ರಬ್ಬರಿನಂಥ ವಾಸನೆ ಬರುತ್ತದೆ, ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಿ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇವರು ಮಂಜಿನೊಳಗೆ ನೇರ ನೋಡುತ್ತಾ ಪ್ರತಿಯೊಂದು ತಿರುವನ್ನೂ ಮೊದಲೇ ಹೇಳುತ್ತಿದ್ದರು. "ಈಗ ಎಡಕ್ಕೆ ಸಣ್ಣದು. ಆಮೇಲೆ ಬಲಕ್ಕೆ ಪೂರ್ತಿ ತಿರುವು. ಇಲ್ಲಿ ಹಾರ್ನ್." ಕಣ್ಣಿಗೆ ಕಾಣದ ರಸ್ತೆ ಇವರ ತಲೆಯೊಳಗೆ ಪೂರ್ತಿ ಇತ್ತು. 2019ರ ಆಗಸ್ಟಿನ ಮಳೆಗೆ ಇಲ್ಲಿ ಎಷ್ಟೋ ಕಡೆ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಆಮೇಲೆ ಕಟ್ಟಿದ ಹೊಸ ತಡೆಗೋಡೆಗಳನ್ನು ದಾಟುವಾಗ ಮಾತ್ರ ಇವರ ಮಾತು ಸ್ವಲ್ಪ ತಡೆಯುತ್ತಿತ್ತು.

ಒಂದು ತಿರುವಿನಲ್ಲಿ ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿತು. ಅಗಲ ಇದ್ದ ಕಡೆ ಬದಿಗೆ ನಿಲ್ಲಿಸಿದೆ. ಮಂಜಿನಿಂದ ಮೊದಲು ಎರಡು ಹಳದಿ ಬೆಳಕು, ಆಮೇಲೆ ಕೆಂಪು ಮೂತಿ ಹೊರಬಂತು. ನಮ್ಮ ಕನ್ನಡಿಗೆ ಒಂದು ಗೇಣು ದೂರದಲ್ಲಿ ಗುಡುಗುತ್ತಾ ಮೇಲೆ ಹೋಯಿತು. ಡ್ರೈವರ್ ಕೈ ಎತ್ತಿದ. ನಾನೂ ಎತ್ತಿದೆ. ಇಪ್ಪತ್ತೇಳು ವರ್ಷ ಇವರು ಕೈ ಎತ್ತುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೆ.

ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲ ಗಾಡಿಯವರ ಹಾಗೆ ನಾವೂ ನಿಂತು ಕಾಯಿ ಒಡೆಸಿದೆವು. ಪ್ಲಗ್ ಒರೆಸಿದ ಕಟ್ಟೆ ಯಾವುದು ಅಂತ ಹುಡುಕುತ್ತಾ ಬಂದಿದ್ದೆವು. ಸಿಗಲಿಲ್ಲ. ರಸ್ತೆ ಅಗಲವಾಗಿದೆ, ಎಷ್ಟೋ ಕಡೆ ಕಟ್ಟೆಯೇ ಹೊಸದು. ಇಲ್ಲೇ ಇರಬೇಕು ಅಂತ ಇವರು ಒಂದು ಜಾಗ ತೋರಿಸಿದರು. ಇಲ್ಲ, ಇನ್ನೂ ಕೆಳಗೆ ಅಂದೆ ನಾನು. ಇಬ್ಬರ ಮಾತೂ ಇರಲಿ ಅಂತ ಎರಡೂ ಕಡೆ ಇಳಿದು ಐದೈದು ನಿಮಿಷ ಕೂತೆವು. ಅಷ್ಟರಲ್ಲಿ ಬಿಸಿಲು ಬಂದು ಕೆಳಗಿನ ಕಾಡು ಒಂದೊಂದೇ ಮಡಿಕೆಯಾಗಿ ಕಾಣತೊಡಗಿತು. ಇವರು ತಲೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುತ್ತಾ ನೋಡಿದರು. ಈಗ ಹಾಗೆಯೇ ನೋಡಬೇಕು. "ಎಲ್ಲ ಕಾಣುತ್ತೆ ಕಣೇ, ಒಂದೇ ಸಲ ಕಾಣಲ್ಲ ಅಷ್ಟೆ" ಅಂದರು.

ಉಜಿರೆಗೆ ಇಳಿದಾಗ ಹತ್ತೂಕಾಲು. ಬೀಗರ ಮನೆಯ ಅಂಗಳಕ್ಕೆ ಕಾರು ತಿರುಗಿಸಿದಾಗ ಮಗಳು ಹೊರಗೇ ನಿಂತಿದ್ದಳು. ನಾನು ಕಲಿತಿದ್ದು ಅವಳಿಗೆ ಗೊತ್ತಿತ್ತು, ಘಾಟಿ ಇಳಿದು ನಾನೇ ಬರುತ್ತೇನೆ ಅಂತ ಗೊತ್ತಿರಲಿಲ್ಲ. ಅಳಿಯಂದಿರು ಅರ್ಧ ದಾರಿಗೆ ಬರುತ್ತೇನೆ ಅಂದಿದ್ದನ್ನು ಇವರೇ ಬೇಡ ಅಂದಿದ್ದರು. ಬಲಗಡೆ ಬಾಗಿಲು ತೆಗೆದು ನಾನು ಇಳಿದೆ. ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನನ್ನು ಬಿಟ್ಟು ಅಪ್ಪನ ಹತ್ತಿರ ಹೋಗಿ ತೋಳು ಹಿಡಿದು ನಿಂತಳು. ಅದು ನನಗೆ ಇಷ್ಟವಾಯಿತು.

ಮೂರನೇ ದಿನ ಅವಳನ್ನು ಕರೆದುಕೊಂಡು ಹೊರಟೆವು. ಅವಳ ಡಾಕ್ಟರನ್ನು ಕೇಳಿದ್ದೆವು. ನಿಧಾನಕ್ಕೆ ಹೋಗಿ, ಗಂಟೆಗೊಮ್ಮೆ ಇಳಿದು ಓಡಾಡಿಸಿ, ನೀರು ಕುಡಿಸಿ ಅಂದಿದ್ದರು. ಹಿಂದಿನ ಸೀಟಿನಲ್ಲಿ ಬೆನ್ನಿಗೆ ಎರಡು ದಿಂಬು, ಹೊಟ್ಟೆಯ ಕೆಳಗೆ ಬರುವ ಹಾಗೆ ಬೆಲ್ಟು. ಘಾಟಿಯ ನಡುವೆ ಮುಂದಿನ ಕಾರುಗಳು ನಿಂತವು, ಎದುರಿನಿಂದ ಬಂದ ಒಂದು ಟೆಂಪೋ ಕೆಟ್ಟು ನಿಂತಿತ್ತು. ಕಡಿದಾದ ಏರು. ಹಿಂದೆ ಒಂದು ಜೀಪು ಬಾಲಕ್ಕೆ ಅಂಟಿಕೊಂಡ ಹಾಗೆ ನಿಂತಿದೆ. ಇಪ್ಪತ್ತು ನಿಮಿಷ ಆದ ಮೇಲೆ ಸಾಲು ಕದಲಿತು. ಹ್ಯಾಂಡ್ ಬ್ರೇಕ್. ಫಸ್ಟ್ ಗೇರ್. ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಇವರು ಕಣ್ಣು ಮುಚ್ಚಿದ್ದು ಓರೆಗಣ್ಣಿಗೆ ಕಾಣಿಸಿತು. ಸದ್ದು ದಪ್ಪವಾಯಿತು. ಬಿಟ್ಟೆ. ಹತ್ತಿದೆ.

"ಅಮ್ಮ, ಮಗು ಒದೀತು" ಅಂದಳು ಹಿಂದಿನಿಂದ.

ಆ ದಿನದ ಸಾಲು ನೋಟ್‌ಬುಕ್ಕಿನಲ್ಲಿ ಇವರ ಅಕ್ಷರದಲ್ಲಿದೆ. ಮೀಟರ್, ಪೆಟ್ರೋಲ್, ಕೊಟ್ಟಿಗೆಹಾರದಲ್ಲಿ ಊಟ. ಕೆಳಗೆ: ಮಗು ಒದ್ದದ್ದು ಹನ್ನೆರಡು ಗಂಟೆ ನಲವತ್ತು ನಿಮಿಷ, ಘಾಟಿಯಲ್ಲಿ.

ಮಾರ್ಚ್ ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ನೋವು ಶುರುವಾಯಿತು. ಮಗ ಬೆಂಗಳೂರಿನಲ್ಲಿ, ಅಳಿಯಂದಿರು ಊರಿನಲ್ಲಿ. ಆ ಹೊತ್ತಿನಲ್ಲಿ ಆಟೋ ಎಲ್ಲಿ ಸಿಗುತ್ತದೆ? ಮೊಳೆಯಿಂದ ಕೀ ತೆಗೆದೆ. ಹತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿದೆವು. ಬೆಳಗ್ಗೆ ಏಳೂವರೆಗೆ ಮೊಮ್ಮಗಳು ಹುಟ್ಟಿದಳು. ಅಷ್ಟರಲ್ಲಿ ಅಳಿಯಂದಿರು ಕತ್ತಲಲ್ಲೇ ಘಾಟಿ ಹತ್ತಿ ಬಂದು ನಿಂತಿದ್ದರು.

ನಾಲ್ಕನೇ ದಿನ ಮನೆಗೆ ಕರೆತಂದೆವು. ಹಿಂದಿನ ಸೀಟಿನಲ್ಲಿ ಒಂದು ಕಡೆ ಮಗಳು, ಒಂದು ಕಡೆ ಅಳಿಯಂದಿರು. ನಡುವೆ ಇವರು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗೆ ಹಿಡಿದು. ನಾನು ಕೊಡಲ್ಲ ಅಂದರೂ ಕೇಳದೆ ತಾವೇ ಎತ್ತಿಕೊಂಡು ಅಲ್ಲಿ ಕೂತಿದ್ದರು. ಇವರು ಹಿಂದಿನ ಸೀಟಿನಲ್ಲಿ ಕೂತಿದ್ದು ನಾನು ಕಂಡಿದ್ದೇ ಇಲ್ಲ. ನನ್ನ ಪಕ್ಕದ ಸೀಟಿನಲ್ಲಿ ಫ್ಲಾಸ್ಕು, ಬಟ್ಟೆಯ ಚೀಲ, ಮೇಲೆ ನೋಟ್‌ಬುಕ್ಕು. ಆಸ್ಪತ್ರೆಯ ಗೇಟಿನ ಮುಂದೆ ಸಣ್ಣ ಏರಿದೆ. ಅಲ್ಲಿ ನಿಲ್ಲಿಸಿ ಎರಡೂ ಕಡೆ ನೋಡಿದೆ. ಹಿಂದಿನಿಂದ ಇವರು, ಮಗುವಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ, "ಸದ್ದು ಕೇಳು" ಅಂದರು. ನನಗೆ ಹೇಳಿದ್ದೋ ಮಗುವಿಗೆ ಹೇಳಿದ್ದೋ ಗೊತ್ತಾಗಲಿಲ್ಲ.